ರೌಟರಿನ ಹಿಂದಿನ ಸರ್ವರ್: ಒಂದು ತಾತ್ಕಾಲಿಕ ಏರ್ಪಾಡಿನ ಇತಿಹಾಸ

ಅಂತರ್ಜಾಲ ಸಂಪರ್ಕ ಪಡೆದ ಮನೆಗಳಲ್ಲಿ ಟಿ.ವಿ. ಕಪಾಟಿನ ಮೇಲೋ ಗೋಡೆಯ ಮೂಲೆಯಲ್ಲೋ ದೀಪ ಮಿನುಗಿಸುತ್ತಾ ಕುಳಿತಿರುವ ಒಂದು ಪೆಟ್ಟಿಗೆಯನ್ನು ನಾವೆಲ್ಲರೂ ಕಂಡಿದ್ದೇವೆ. ಇದನ್ನು ರೌಟರ್ ಎನ್ನುತ್ತೇವೆ. ಆಸಕ್ತಿಯುಳ್ಳ ಕೆಲವರು ಈ ರೌಟರಿಗೆ ಒಂದು ಹಳೆಯ ಕಂಪ್ಯೂಟರನ್ನು ಜೋಡಿಸಿ, ಅದರಲ್ಲಿ ದೊಡ್ಡ ಹಾರ್ಡ್ ಡಿಸ್ಕ್ ಹಾಕಿ, ಮನೆಯ ಫೋಟೋಗಳು, ಮದುವೆಯ ವಿಡಿಯೋಗಳು, ಜಮೀನಿನ ಪತ್ರಗಳು, ಮಕ್ಕಳ ಅಂಕಪಟ್ಟಿಗಳು ಎಲ್ಲವನ್ನೂ ಒಂದೇ ಕಡೆ ಇಟ್ಟುಕೊಳ್ಳುತ್ತಾರೆ. ಇದೇ ಮನೆಯ ಫೈಲ್ ಸರ್ವರ್. ಮನೆಯ ಯಾವ ಕೋಣೆಯಿಂದಲಾದರೂ ಇದನ್ನು ತೆರೆಯಬಹುದು. ಆದರೆ ಮನೆಯ ಮಗ ದುಬೈಯಲ್ಲೋ ದಮ್ಮಾಮಿನಲ್ಲೋ ಕುಳಿತು ಅದೇ ಫೈಲನ್ನು ತೆರೆಯಲು ಹೊರಟರೆ ಬಾಗಿಲು ಮುಚ್ಚಿರುತ್ತದೆ. ಗೂಗಲ್ ಕಂಪೆನಿಯ ಸರ್ವರ್ ಜಗತ್ತಿನ ಎಲ್ಲಿಂದಲೂ ಸಿಗುತ್ತದೆ, ನಮ್ಮ ಮನೆಯ ಸರ್ವರ್ ಏಕೆ ಸಿಗುವುದಿಲ್ಲ? ಇದು ಯಂತ್ರದ ದೋಷವಲ್ಲ. ಇದರ ಹಿಂದೆ ಅರ್ಧ ಶತಮಾನದ ಇತಿಹಾಸವಿದೆ.

ಅಂತರ್ಜಾಲದ ಪೂರ್ವಜನಾದ ಅರ್ಪಾನೆಟ್ ಅಮೆರಿಕದಲ್ಲಿ ಆರಂಭವಾಯಿತು. 1969ರ ಅಕ್ಟೋಬರ್ 29ರಂದು ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದ ಒಂದು ಕಂಪ್ಯೂಟರಿನಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಇನ್ನೊಂದು ಕಂಪ್ಯೂಟರಿಗೆ ಮೊದಲ ಸಂದೇಶ ಹೋಯಿತು. ಎರಡಕ್ಷರ ಹೋಗುವಷ್ಟರಲ್ಲಿ ಯಂತ್ರ ಕೆಟ್ಟು ನಿಂತಿತೆಂಬುದು ಬೇರೆ ಮಾತು. ಆ ಜಾಲದಲ್ಲಿ ದೊಡ್ಡವನು ಚಿಕ್ಕವನು ಎಂಬ ಭೇದವಿರಲಿಲ್ಲ. ಪ್ರತಿಯೊಂದು ಕಂಪ್ಯೂಟರಿಗೂ ಒಂದು ವಿಳಾಸವಿತ್ತು, ಯಾರು ಯಾರನ್ನು ಬೇಕಾದರೂ ಕರೆಯಬಹುದಿತ್ತು, ಕೊಡುವವನೂ ಪಡೆಯುವವನೂ ಒಬ್ಬನೇ ಆಗಬಹುದಿತ್ತು.

ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಫೈಲ್ ಕಳುಹಿಸುವ ನಿಯಮಾವಳಿಯನ್ನು ಮೊದಲು ಬರೆದವರು ಒಬ್ಬ ಭಾರತೀಯರು ಎಂಬುದು ನಮ್ಮ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರಿಗೆ ತಿಳಿದಿರಲಾರದು. ಅವರ ಹೆಸರು ಅಭಯ್ ಭೂಷಣ್. ಕಾನ್ಪುರದ ಐಐಟಿಯ ಮೊದಲ ತಂಡದ ವಿದ್ಯಾರ್ಥಿಯಾಗಿ 1965ರಲ್ಲಿ ಪದವಿ ಪಡೆದು, ಅಮೆರಿಕದ ಎಂಐಟಿಗೆ ಹೋಗಿ, 1971ರ ಏಪ್ರಿಲ್‌ನಲ್ಲಿ ಆರ್‌ಎಫ್‌ಸಿ 114 ಎಂಬ ದಾಖಲೆಯನ್ನು ಬರೆದರು. ಆರ್‌ಎಫ್‌ಸಿಗಳೆಂದರೆ ಜಾಲದ ನಿರ್ಮಾತೃಗಳು ಪರಸ್ಪರ ಚರ್ಚೆಗಾಗಿ ಪ್ರಕಟಿಸುವ, ಕ್ರಮಸಂಖ್ಯೆಯುಳ್ಳ ಟಿಪ್ಪಣಿಗಳು. ಆ ಟಿಪ್ಪಣಿಯಿಂದ ಬೆಳೆದದ್ದೇ ಎಫ್‌ಟಿಪಿ. 1985ರಲ್ಲಿ ಅದಕ್ಕೆ ಸ್ಥಿರ ರೂಪ ಬಂದಾಗ ಅದರಲ್ಲಿ ಒಂದು ಕುತೂಹಲಕರ ಪದ್ಧತಿಯಿತ್ತು. ಫೈಲ್ ಕೇಳುವವನು ಸರ್ವರನ್ನು ಕರೆದು, "ಇದು ನನ್ನ ವಿಳಾಸ, ನೀನೇ ನನ್ನ ಮನೆಗೆ ಬಂದು ಫೈಲ್ ಕೊಟ್ಟು ಹೋಗು" ಎನ್ನುತ್ತಿದ್ದ. ಸರ್ವರ್ ಹಾಗೆಯೇ ಬರುತ್ತಿತ್ತು. ಕೇಳುವವನ ಮನೆಯ ಬಾಗಿಲೂ ತೆರೆದಿರುತ್ತದೆಂಬ ನಂಬಿಕೆಯ ಮೇಲೆ ನಿಂತ ಪದ್ಧತಿ ಅದು. ಈ ನಂಬಿಕೆಯನ್ನು ಓದುಗರು ನೆನಪಿನಲ್ಲಿಡಬೇಕು, ಏಕೆಂದರೆ ಮುಂದೆ ಮುರಿದು ಬಿದ್ದದ್ದು ಇದೇ.

ಮುರಿಯಲು ಕಾರಣವಾದದ್ದು ವಿಳಾಸಗಳ ಲೆಕ್ಕ. 1977ರ ಸುಮಾರಿಗೆ ವಿಂಟ್ ಸೆರ್ಫ್ ಅವರು ವಿಳಾಸಕ್ಕೆ 32 ಬಿಟ್‌ಗಳು ಸಾಕೆಂದು ತೀರ್ಮಾನಿಸಿದರು. 32 ಬಿಟ್‌ಗಳಿಂದ ಸುಮಾರು 429 ಕೋಟಿ ವಿಳಾಸಗಳು ಸಿಗುತ್ತವೆ. ಆಗಿನ ಜಗತ್ತಿನ ಜನಸಂಖ್ಯೆಯೂ ಸುಮಾರು 420 ಕೋಟಿ. ಅದೊಂದು ಪ್ರಯೋಗವೆಂದೇ ತಾನು ಭಾವಿಸಿದ್ದೆನೆಂದು ಸೆರ್ಫ್ ಮುಂದೆ ಹಲವು ಬಾರಿ ಹೇಳಿಕೊಂಡಿದ್ದಾರೆ. ಕಂಪ್ಯೂಟರೆಂದರೆ ಒಂದು ಕೋಣೆ ತುಂಬುವ ಯಂತ್ರವಾಗಿದ್ದ ಕಾಲದಲ್ಲಿ ಈ ಸಂಖ್ಯೆ ಎಂದಿಗೂ ಮುಗಿಯದ ಭಂಡಾರದಂತೆ ಕಂಡರೆ ಅವರನ್ನು ದೂರುವಂತಿಲ್ಲ. 1981ರ ಸೆಪ್ಟೆಂಬರ್‌ನಲ್ಲಿ ಈ ನಿಯಮ ದಾಖಲೆಯಾಯಿತು, 1983ರ ಜನವರಿ 1ರಂದು ಅರ್ಪಾನೆಟ್ ಪೂರ್ತಿಯಾಗಿ ಇದಕ್ಕೆ ಬದಲಾಯಿತು.

ದೂರಬೇಕಾದದ್ದಿದ್ದರೆ ಅದು ಹಂಚಿಕೆಯ ವಿಧಾನವನ್ನು. ವಿಳಾಸಗಳನ್ನು ಮೂರು ಗಾತ್ರದ ಗಂಟುಗಳಲ್ಲಿ ಮಾತ್ರ ಕೊಡಲಾಗುತ್ತಿತ್ತು: ದೊಡ್ಡದರಲ್ಲಿ 1 ಕೋಟಿ 67 ಲಕ್ಷ, ನಡುವಿನದರಲ್ಲಿ 65,536, ಚಿಕ್ಕದರಲ್ಲಿ 256. ಐನೂರು ಕಂಪ್ಯೂಟರುಗಳಿದ್ದ ಕಾಲೇಜಿಗೆ 256 ಸಾಲದು, ಆದ್ದರಿಂದ ಅದು 65,536ನ್ನು ಕೇಳಿ ಪಡೆಯುತ್ತಿತ್ತು. ಉಳಿದವು ಯಾರಿಗೂ ಇಲ್ಲದಂತೆ ಬಿದ್ದಿರುತ್ತಿದ್ದವು. ಎಂಐಟಿ ಒಂದಕ್ಕೇ ದೊಡ್ಡ ಗಂಟೊಂದು ಸಿಕ್ಕಿತ್ತು. ಅದರಲ್ಲಿ ಅರ್ಧದಷ್ಟನ್ನು ಆ ಸಂಸ್ಥೆ ಮಾರಲು ಹೊರಟದ್ದು 2017ರಲ್ಲಿ. ಹೀಗಾಗಿ 1990ರ ದಶಕದ ಆರಂಭದಲ್ಲೇ ವಿಳಾಸಗಳು ಮುಗಿದುಹೋಗುವ ಭೀತಿ ಹುಟ್ಟಿತು. 1993ರಲ್ಲಿ ಗಂಟುಗಳನ್ನು ಬಿಚ್ಚಿ, ಬೇಕಾದ ಗಾತ್ರದಲ್ಲಿ ಹಂಚುವ ಕ್ರಮ ಬಂದಿತಾದರೂ ಅದರಿಂದ ಸಿಕ್ಕಿದ್ದು ಉಸಿರಾಡಲು ಸ್ವಲ್ಪ ಸಮಯ ಮಾತ್ರ.

ಈಗ ಕತೆ ಸ್ವಲ್ಪ ಕಾಲ ಆಸ್ಟ್ರೇಲಿಯಾಕ್ಕೆ ಹೋಗಬೇಕು. ಅಮೆರಿಕದಲ್ಲಿ ವಿಳಾಸದ ಚಿಂತೆ ನಡೆದಿರುವಾಗಲೇ, ಮನೆಯ ಫೈಲ್ ಸರ್ವರಿಗೆ ಜೀವ ಕೊಟ್ಟ ತಂತ್ರಾಂಶ ಅಲ್ಲಿ ಹುಟ್ಟುತ್ತಿತ್ತು. ಒಂದು ಕಂಪ್ಯೂಟರಿನ ಫೋಲ್ಡರನ್ನು ಇನ್ನೊಂದು ಕಂಪ್ಯೂಟರಿನಲ್ಲಿ ತನ್ನದೇ ಎಂಬಂತೆ ತೆರೆಯುವ ಎಸ್‌ಎಂಬಿ ಎಂಬ ನಿಯಮಾವಳಿಯನ್ನು 1980ರ ದಶಕದ ಮೊದಲ ಭಾಗದಲ್ಲಿ ಐಬಿಎಂ ಕಂಪೆನಿಯ ಬ್ಯಾರಿ ಫೈಗನ್‌ಬಾಮ್ ರೂಪಿಸಿದ್ದರು. ಮುಂದೆ ಮೈಕ್ರೋಸಾಫ್ಟ್ ಅದನ್ನು ಬೆಳೆಸಿ ವಿಂಡೋಸಿನ ಭಾಗವಾಗಿಸಿತು. 1991ರ ಡಿಸೆಂಬರ್‌ನಲ್ಲಿ ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಆಂಡ್ರೂ ಟ್ರಿಡ್ಜೆಲ್ ಎಂಬ ವಿದ್ಯಾರ್ಥಿಗೆ, ಯೂನಿಕ್ಸ್ ಯಂತ್ರದಲ್ಲಿದ್ದ ಫೈಲುಗಳನ್ನು ತನ್ನ ಪಿಸಿಯಲ್ಲಿ ತೆರೆಯಬೇಕಾಗಿತ್ತು. ಪಿಸಿಯಲ್ಲಿದ್ದ ಡಿಜಿಟಲ್ ಕಂಪೆನಿಯ ತಂತ್ರಾಂಶ ಆಡುವ ಭಾಷೆ ಯಾವುದೆಂದು ಆತನಿಗೆ ತಿಳಿದಿರಲಿಲ್ಲ. ಆತ ಮಾಡಿದ್ದೇನೆಂದರೆ, ತಂತಿಯಲ್ಲಿ ಹರಿಯುವ ಮಾಹಿತಿಯ ತುಣುಕುಗಳನ್ನು ಹಿಡಿದು ನೋಡುವ ಒಂದು ಪ್ರೋಗ್ರಾಂ ಬರೆದು, ಎರಡು ಯಂತ್ರಗಳ ಸಂಭಾಷಣೆಯನ್ನು ಕದ್ದು ಕೇಳಿದಂತೆ ಕೇಳಿ, ಪರದೇಶದ ಸಂತೆಯಲ್ಲಿ ನಿಂತವನು ಜನರ ಮಾತು ಕೇಳಿಯೇ ಭಾಷೆ ಕಲಿಯುವಂತೆ ಕಲಿತ. 1992ರ ಜನವರಿಯಲ್ಲಿ ಅದನ್ನು ಎಲ್ಲರಿಗೂ ಉಚಿತವಾಗಿ ಹಂಚಿದ. ತಾನು ಕಲಿತ ಭಾಷೆ ಮೈಕ್ರೋಸಾಫ್ಟಿನ ಯಂತ್ರಗಳು ಆಡುವ ಎಸ್‌ಎಂಬಿಯೇ ಎಂದು ಆತನಿಗೆ ಗೊತ್ತಾದದ್ದು ಆ ಮೇಲೆ!

ಅದಕ್ಕೆ ಹೆಸರು ಬಂದ ಬಗೆಯೂ ಸ್ವಾರಸ್ಯಕರ. ಮೊದಲು ಇಟ್ಟ ಹೆಸರು ಬೇರೊಂದು ಕಂಪೆನಿಯ ಹಕ್ಕಿಗೆ ಸೇರಿದ್ದರಿಂದ ಬಿಡಬೇಕಾಯಿತು. ಎಸ್, ಎಂ, ಬಿ ಅಕ್ಷರಗಳು ಅದೇ ಕ್ರಮದಲ್ಲಿ ಬರುವ ಪದಗಳನ್ನು ಕಂಪ್ಯೂಟರಿನ ನಿಘಂಟಿನಲ್ಲಿ ಹುಡುಕಿದಾಗ ಸಿಕ್ಕಿದ ಕೆಲವೇ ಪದಗಳಲ್ಲಿ ಬ್ರೆಜಿಲ್‌ನ ನೃತ್ಯದ ಹೆಸರೊಂದಿತ್ತು: ಸಾಂಬಾ. ಇಂದು ಮನೆಬಳಕೆಗೆಂದು ಮಾರುವ ಶೇಖರಣಾ ಪೆಟ್ಟಿಗೆಗಳಲ್ಲಿ ಬಹುಪಾಲು ಒಳಗೆ ಓಡುವುದು ಇದೇ. ಮೈಕ್ರೋಸಾಫ್ಟ್ ತನ್ನ ನಿಯಮಾವಳಿಯ ವಿವರಗಳನ್ನು ಸಾಂಬಾ ತಂಡಕ್ಕೆ ಅಧಿಕೃತವಾಗಿ ಕೊಟ್ಟದ್ದು 2007ರ ಡಿಸೆಂಬರ್‌ನಲ್ಲಿ, ಅದೂ ಯೂರೋಪಿನ ಸ್ಪರ್ಧಾ ಮೊಕದ್ದಮೆಯಲ್ಲಿ ಸೋತ ಬಳಿಕ. ಅಂದರೆ ಸುಮಾರು ಹದಿನಾರು ವರ್ಷಗಳ ಕಾಲ ಈ ತಂಡ ಕೇಳಿ ಕಲಿಯುವ ವಿದ್ಯೆಯಿಂದಲೇ ಸರ್ವರನ್ನು ನಡೆಸಿತು. ಕಂಪ್ಯೂಟರ್ ವಿಜ್ಞಾನ ಓದುವ ನಮ್ಮ ಹುಡುಗ ಹುಡುಗಿಯರು ಟ್ರಿಡ್ಜೆಲ್‌ನ ಈ ಕೆಲಸದ ಕುರಿತು ಹೆಚ್ಚು ಓದಬೇಕೆಂಬುದು ನನ್ನ ಆಸೆ.

ಹೀಗೆ ಮನೆಯೊಳಗೆ ಫೈಲ್ ಹಂಚುವ ದಾರಿ ತೆರೆದ ಕೆಲವೇ ವರ್ಷಗಳಲ್ಲಿ ಮನೆಯ ಹೊರಬಾಗಿಲು ಮುಚ್ಚಿತು. 1994ರ ಮೇ ತಿಂಗಳಲ್ಲಿ ಕೆಲ್ ಎಗೆವಾಂಗ್ ಮತ್ತು ಪೌಲ್ ಫ್ರಾನ್ಸಿಸ್ ಎಂಬವರು ಆರ್‌ಎಫ್‌ಸಿ 1631 ಪ್ರಕಟಿಸಿದರು. ವಿಷಯ: ವಿಳಾಸಗಳನ್ನು ನಡುದಾರಿಯಲ್ಲಿ ಬದಲಾಯಿಸುವ ಉಪಾಯ, ಅಂದರೆ ನ್ಯಾಟ್. ಇದನ್ನು ವಿದ್ಯಾರ್ಥಿನಿಲಯದ ಉದಾಹರಣೆಯಿಂದ ಸುಲಭವಾಗಿ ತಿಳಿಯಬಹುದು. ನಿಲಯಕ್ಕೆ ಇರುವುದು ಒಂದೇ ಅಂಚೆ ವಿಳಾಸ. ಹುಡುಗರು ಬರೆದ ಕಾಗದಗಳೆಲ್ಲ ವಾರ್ಡನರ ಕೈಗೆ ಹೋಗುತ್ತವೆ. ವಾರ್ಡನ್ ಕೋಣೆಯ ಸಂಖ್ಯೆಯನ್ನು ಅಳಿಸಿ ನಿಲಯದ ವಿಳಾಸ ಬರೆದು, ಯಾರು ಯಾರಿಗೆ ಬರೆದರೆಂದು ತಮ್ಮ ಪುಸ್ತಕದಲ್ಲಿ ಗುರುತು ಹಾಕಿಕೊಂಡು ಅಂಚೆಗೆ ಹಾಕುತ್ತಾರೆ. ಉತ್ತರ ಬಂದಾಗ ಪುಸ್ತಕ ನೋಡಿ ಆಯಾ ಕೋಣೆಗೆ ತಲುಪಿಸುತ್ತಾರೆ. ಆದರೆ ಯಾರೂ ಬರೆಯದೆ ತಾನಾಗಿ ಬಂದ ಕಾಗದ ಯಾವ ಕೋಣೆಗೆ ಸೇರಿದ್ದು? ಪುಸ್ತಕದಲ್ಲಿ ಇಲ್ಲ. ಕಸದ ಬುಟ್ಟಿಗೆ. ಮನೆಯ ರೌಟರ್ ಮಾಡುವುದು ಇದನ್ನೇ. ಒಳಗಿನಿಂದ ಹೊರಗೆ ಕೇಳಿದರೆ ಉತ್ತರ ಬರುತ್ತದೆ, ಹೊರಗಿನವನು ತಾನಾಗಿ ಕೇಳಿದರೆ ಉತ್ತರವಿಲ್ಲ. ಸರ್ವರಿನ ಕೆಲಸವೋ, ಹೊರಗಿನವನು ಕೇಳಿದಾಗ ಉತ್ತರಿಸುವುದು!

ಇದು ಅಲ್ಪಕಾಲದ ಪರಿಹಾರ, ದೀರ್ಘಕಾಲದ ಪರಿಹಾರ ಬೇರೆ ಕಡೆ ಸಿದ್ಧವಾಗುತ್ತಿದೆ ಎಂದು ಆ ಇಬ್ಬರು ಲೇಖಕರೇ ಬರೆದಿದ್ದರು. ಎಫ್‌ಟಿಪಿಯಲ್ಲಿ ವಿಳಾಸವನ್ನು ಕಾಗದದ ಒಳಗೂ ಬರೆಯುವುದರಿಂದ, ಲಕೋಟೆ ಮಾತ್ರ ತಿದ್ದಿದರೆ ಸಾಲದು, ಕಾಗದ ಬಿಚ್ಚಿ ಒಳಗೂ ತಿದ್ದಬೇಕಾಗುತ್ತದೆ ಎಂಬ ತೊಡಕನ್ನೂ ಅವರು ಮುಚ್ಚಿಡಲಿಲ್ಲ. ಮನೆಯೊಳಗೆ ಮಾತ್ರ ಬಳಸುವ ಖಾಸಗಿ ವಿಳಾಸಗಳ ಪ್ರಸ್ತಾಪಕ್ಕೆ ಅದೇ ವರ್ಷದ ಜುಲೈಯಲ್ಲಿ ಎಲಿಯಟ್ ಲಿಯರ್ ಮತ್ತು ಸಂಗಡಿಗರು ಬಲವಾದ ಆಕ್ಷೇಪ ಬರೆದರು. ಎಲ್ಲ ಯಂತ್ರಗಳಿಗೂ ತನ್ನದೇ ಆದ ವಿಳಾಸವಿರಬೇಕೆಂಬ ಮೂಲತತ್ವಕ್ಕೆ ಇದು ಪೆಟ್ಟು ಎಂಬುದು ಅವರ ವಾದ. ಆದರೆ 1996ರ ಫೆಬ್ರವರಿಯಲ್ಲಿ ಖಾಸಗಿ ವಿಳಾಸಗಳ ಅಂತಿಮ ನಿಯಮ ಆರ್‌ಎಫ್‌ಸಿ 1918 ಎಂದು ಹೊರಬಂದಾಗ ಅದರ ಐವರು ಲೇಖಕರಲ್ಲಿ ಲಿಯರ್ ಕೂಡ ಒಬ್ಬರಾಗಿದ್ದರು. ನಮ್ಮ ಮನೆಗಳಲ್ಲಿ ಕಾಣುವ 192.168 ಎಂದು ಆರಂಭವಾಗುವ ವಿಳಾಸಗಳು ಬಂದದ್ದು ಇಲ್ಲಿಂದ. ಲೋಕದ ಕೋಟ್ಯಂತರ ಮನೆಗಳಲ್ಲಿ 192.168.1.1 ಎಂಬ ಒಂದೇ ವಿಳಾಸವಿದೆ. ಎಲ್ಲ ಮನೆಗಳಲ್ಲೂ "ಒಂದನೇ ಕೋಣೆ" ಇರುವ ಹಾಗೆ. ಬೀದಿಯಲ್ಲಿ ನಿಂತವನಿಗೆ ಅದರಿಂದ ಪ್ರಯೋಜನವಿಲ್ಲ.

ಭರವಸೆ ಕೊಟ್ಟಿದ್ದ ದೀರ್ಘಕಾಲದ ಪರಿಹಾರವೂ ಬಂತು. 128 ಬಿಟ್ ವಿಳಾಸಗಳ ಐಪಿವಿ6 ಮೊದಲು ಪ್ರಕಟವಾದದ್ದು 1995ರ ಡಿಸೆಂಬರ್‌ನಲ್ಲಿ. ಅದರಲ್ಲಿರುವ ವಿಳಾಸಗಳ ಸಂಖ್ಯೆ ಬರೆಯಲು 39 ಅಂಕಿಗಳು ಬೇಕು. ಆದರೆ ಯಾರೂ ಆತುರಪಡಲಿಲ್ಲ. ತಾತ್ಕಾಲಿಕ ಶೆಡ್ಡು ಸೋರದೆ ನಿಂತಿರುವಾಗ ಪಕ್ಕಾ ಕಟ್ಟಡಕ್ಕೆ ಯಾರು ಹಣ ಸುರಿಯುತ್ತಾರೆ?

1990ರ ದಶಕದ ಕೊನೆಗೆ ಅಮೆರಿಕದ ಮನೆಗಳಲ್ಲಿ ಎರಡು ಮೂರು ಕಂಪ್ಯೂಟರುಗಳಾದವು. ಸಂಪರ್ಕ ಕೊಡುವ ಕಂಪೆನಿಗಳು ಕೊಡುತ್ತಿದ್ದದ್ದು ಒಂದೇ ವಿಳಾಸ. ಆ ಒಂದನ್ನು ಹಂಚಲು ನ್ಯಾಟ್ ಅಳವಡಿಸಿದ ಸಣ್ಣ ಪೆಟ್ಟಿಗೆಗಳು ಅಂಗಡಿಗೆ ಬಂದವು. (ರೌಟರ್ ಎಂಬ ಹೆಸರು ಇದಕ್ಕೆ ಪೂರ್ತಿ ಒಪ್ಪುವುದೂ ಇಲ್ಲ, ದಾರಿ ತೋರಿಸುವುದಕ್ಕಿಂತ ಹೆಚ್ಚಾಗಿ ಇದು ಮಾಡುವುದು ವಾರ್ಡನ್‌ಗಿರಿಯನ್ನು.) 2002ರ ಡಿಸೆಂಬರ್‌ನಲ್ಲಿ ಬಂದ ಲಿಂಕ್‌ಸಿಸ್ ಡಬ್ಲ್ಯುಆರ್‌ಟಿ54ಜಿ ಎಂಬ ನೀಲಿ ಪೆಟ್ಟಿಗೆಯೊಳಗೆ ಲಿನಕ್ಸ್ ಇರುವುದನ್ನು ಉತ್ಸಾಹಿಗಳು ಪತ್ತೆ ಹಚ್ಚಿ, ಪರವಾನಗಿಯ ಷರತ್ತಿನಂತೆ ಮೂಲ ಪ್ರೋಗ್ರಾಂ ಬಹಿರಂಗವಾಗಬೇಕೆಂದು ಪಟ್ಟು ಹಿಡಿದರು. 2003ರಲ್ಲಿ ಅದು ಬಹಿರಂಗವಾಯಿತು. ಅದರಿಂದ 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿತು, ಮನೆಯ ರೌಟರನ್ನು ತನಗೆ ಬೇಕಾದಂತೆ ತಿದ್ದಿಕೊಳ್ಳುವ ಸ್ವಾತಂತ್ರ್ಯ ಸಾಮಾನ್ಯರಿಗೂ ಸಿಕ್ಕಿತು.

ನಮ್ಮ ದೇಶದಲ್ಲಿ 1986ರಲ್ಲಿ ಆರಂಭವಾದ ಎರ್ನೆಟ್ ಯೋಜನೆಯ ಮೊದಲ ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದಾಗಿತ್ತು. ಜನಸಾಮಾನ್ಯರಿಗೆ ವಿಎಸ್‌ಎನ್‌ಎಲ್ ಮೂಲಕ ಅಂತರ್ಜಾಲ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ಮನೆಯಲ್ಲಿ ಸದಾ ಚಾಲೂ ಇರುವ ಸಂಪರ್ಕವಿಲ್ಲದೆ ಸರ್ವರ್ ಇಡುವ ಮಾತೇ ಇರಲಿಲ್ಲ. 2004ರ ಬ್ರಾಡ್‌ಬ್ಯಾಂಡ್ ನೀತಿ ಸೆಕೆಂಡಿಗೆ 256 ಕಿಲೋಬಿಟ್ ವೇಗವನ್ನು ಬ್ರಾಡ್‌ಬ್ಯಾಂಡ್ ಎಂದು ಕರೆಯಿತು, 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ತನ್ನ ಸೇವೆಯನ್ನು ಆರಂಭಿಸಿತು. ಟೆಲಿಫೋನ್ ತಂತಿಯ ಮೇಲೆ ಬಂದ ಎಡಿಎಸ್‌ಎಲ್ ಎಂಬ ಈ ತಂತ್ರದ ಹೆಸರಿನ ಮೊದಲ ಅಕ್ಷರವೇ ಅಸಮಾನತೆಯನ್ನು ಸೂಚಿಸುತ್ತದೆ: ಬರುವ ದಾರಿ ಅಗಲ, ಹೋಗುವ ದಾರಿ ಕಿರಿದು. ಹೋಗುವ ದಾರಿಗೆ ಪೂರ್ತಿ 256 ಕಿಲೋಬಿಟ್ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. 3 ಮೆಗಾಬೈಟಿನ ಒಂದು ಫೋಟೋ ಮನೆಯಿಂದ ಹೊರಗೆ ಹೋಗಲು ಒಂದೂವರೆ ನಿಮಿಷಕ್ಕಿಂತ ಹೆಚ್ಚು ಬೇಕು, ಮದುವೆಯ ಸಾವಿರ ಫೋಟೋಗಳಿಗೆ ಒಂದು ದಿನಕ್ಕೂ ಮೀರಿ. ಗಲ್ಫಿನಲ್ಲಿರುವವರಿಗೆ ಸಿ.ಡಿ.ಯನ್ನು ಊರಿನಿಂದ ಹೊರಟವರ ಕೈಯಲ್ಲಿ ಕೊಟ್ಟು ಕಳುಹಿಸುವುದೇ ಆಗ ವೇಗದ ದಾರಿಯಾಗಿತ್ತು.

ಆದರೂ ಛಲ ಬಿಡದವರು ಎಲ್ಲ ಕಡೆಯೂ ಇದ್ದರು. ರೌಟರಿನ ವಾರ್ಡನ್‌ಗೆ ಮೊದಲೇ ಒಂದು ಚೀಟಿ ಬರೆದಿಡುವ ಉಪಾಯವಿದೆ: "ಇಂಥ ಪೋರ್ಟಿಗೆ ಬಂದ ಕಾಗದವನ್ನು ಕೇಳದೆಯೇ ಇಂಥ ಯಂತ್ರಕ್ಕೆ ಕೊಡು." ಇದೇ ಪೋರ್ಟ್ ಫಾರ್ವರ್ಡಿಂಗ್. ಇದಕ್ಕೆ ಮೊದಲು ಸರ್ವರಿನ ಒಳವಿಳಾಸ ದಿನಕ್ಕೊಂದರಂತೆ ಬದಲಾಗದ ಹಾಗೆ ರೌಟರಿನಲ್ಲಿ ಕಾದಿರಿಸಬೇಕು. ಹೊರಗಿನ ವಿಳಾಸವನ್ನು ಕಂಪೆನಿ ಆಗಾಗ ಬದಲಾಯಿಸುವುದರಿಂದ, ಪ್ರತಿ ಬಾರಿ ಹೊಸ ವಿಳಾಸವನ್ನು ಒಂದು ಹೆಸರಿಗೆ ಜೋಡಿಸುವ ಡೈನಾಮಿಕ್ ಡಿಎನ್‌ಎಸ್ ಸೇವೆಯೂ ಬೇಕು. ಇವೆಲ್ಲ ಸರಿಯಾದರೆ ದುಬೈಯಿಂದ ಮನೆಯ ಬಾಗಿಲು ತೆರೆಯುತ್ತದೆ.

ತೆರೆದ ಬಾಗಿಲಿನಿಂದ ನೆಂಟರು ಮಾತ್ರ ಬರುವುದಿಲ್ಲ ಎಂಬುದನ್ನೂ ಇತಿಹಾಸ ತೋರಿಸಿದೆ. 2003ರ ಆಗಸ್ಟ್‌ನಲ್ಲಿ ಬ್ಲಾಸ್ಟರ್ ಎಂಬ ಹುಳು ಜಾಲಕ್ಕೆ ನೇರವಾಗಿ ಜೋಡಿಸಿದ್ದ ವಿಂಡೋಸ್ ಯಂತ್ರಗಳಿಗೆ ನುಗ್ಗಿತು, ರೌಟರಿನ ಹಿಂದಿದ್ದವು ಬಹುಮಟ್ಟಿಗೆ ಪಾರಾದವು. 2017ರ ಮೇ 12ರಂದು ಹಬ್ಬಿದ ವಾನಾಕ್ರೈ, ಎಸ್‌ಎಂಬಿಯ ಹಳೆಯ ರೂಪದ ದೋಷವನ್ನೇ ಹಿಡಿದು 445ನೇ ಪೋರ್ಟಿನ ಮೂಲಕ ಒಳಬಂದು ಫೈಲುಗಳಿಗೆ ಬೀಗ ಹಾಕಿ ಹಣ ಕೇಳಿತು, ಬ್ರಿಟನ್ನಿನ ಸರಕಾರಿ ಆಸ್ಪತ್ರೆಗಳು ಕೂಡ ತತ್ತರಿಸಿದವು. 2021ರ ಜೂನ್‌ನಲ್ಲಿ ವೆಸ್ಟರ್ನ್ ಡಿಜಿಟಲ್‌ನ ಮೈ ಬುಕ್ ಲೈವ್ ಪೆಟ್ಟಿಗೆಗಳನ್ನು ಜಾಲಕ್ಕೆ ತೆರೆದಿಟ್ಟಿದ್ದ ಅನೇಕರ ವರ್ಷಗಳ ಫೋಟೋಗಳು ರಾತ್ರಿ ಬೆಳಗಾಗುವುದರೊಳಗೆ ಅಳಿಸಿಹೋದವು. ಆ ಪೆಟ್ಟಿಗೆಗಳಿಗೆ ಕಂಪೆನಿ ತಿದ್ದುಪಡಿ ಕೊಡುವುದನ್ನು 2015ರಲ್ಲೇ ನಿಲ್ಲಿಸಿತ್ತು. ಆದ್ದರಿಂದ ನ್ಯಾಟನ್ನು ಖಳನಾಯಕನೆಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ. ಬೀಗವಾಗಲೆಂದು ಯಾರೂ ಮಾಡದ ವಸ್ತು ಇಪ್ಪತ್ತೈದು ವರ್ಷ ಬೀಗದ ಕೆಲಸ ಮಾಡಿದೆ. 445ನೇ ಪೋರ್ಟನ್ನು ಮಾತ್ರ ಯಾವ ಕಾರಣಕ್ಕೂ ಹೊರಗೆ ತೆರೆಯಬಾರದು. ಹಾಗೆಯೇ ಎರಡನೆಯ ಪ್ರತಿ ಇನ್ನೊಂದು ಮನೆಯಲ್ಲಿ ಇಲ್ಲದಿದ್ದರೆ ಮನೆಯ ಸರ್ವರಿಗಿಂತ ಬಾಡಿಗೆ ಜಾಗವೇ ವಾಸಿ.

ಬಾಡಿಗೆ ಜಾಗದ ಕತೆಯೂ ನಮಗೆ ಗೊತ್ತಿರುವುದೇ. ಜನ ಲಕ್ಷಗಟ್ಟಲೆ ಪುಟಗಳನ್ನು ಕಟ್ಟಿಕೊಂಡಿದ್ದ ಯಾಹೂವಿನ ಜಿಯೋಸಿಟೀಸ್ 2009ರ ಅಕ್ಟೋಬರ್‌ನಲ್ಲಿ ಮುಚ್ಚಿತು. ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಉಚಿತ ಜಾಗ 2021ರ ಜೂನ್ 1ಕ್ಕೆ ನಿಂತಿತು. ಇಟ್ಟವರ ಒಪ್ಪಿಗೆಯನ್ನು ಎರಡೂ ಸಲ ಯಾರೂ ಕೇಳಲಿಲ್ಲ. ಅಜ್ಜನ ಕೈಬರಹದ ಪತ್ರ, ತೀರಿಹೋದ ತಾಯಿಯ ಧ್ವನಿ ಇರುವ ಕ್ಯಾಸೆಟ್ಟಿನ ಪ್ರತಿ, ಸಂಘವೊಂದರ ಹಳೆಯ ನಡಾವಳಿ ಪುಸ್ತಕ ಇವುಗಳನ್ನು ಎಲ್ಲಿಡಬೇಕೆಂಬ ಪ್ರಶ್ನೆ ಬಂದಾಗ ರೌಟರಿನ ಹಿಂದಿನ ಆ ಹಳೆಯ ಕಂಪ್ಯೂಟರ್ ನೆನಪಾಗುವುದು ಇದಕ್ಕೇ.

ಅಷ್ಟರಲ್ಲಿ 2011ರ ಫೆಬ್ರವರಿ 3ರಂದು ವಿಶ್ವಭಂಡಾರದಲ್ಲಿ ಉಳಿದಿದ್ದ ಕೊನೆಯ ಐದು ದೊಡ್ಡ ಗಂಟುಗಳನ್ನು ಐದು ಪ್ರಾದೇಶಿಕ ಸಂಸ್ಥೆಗಳಿಗೆ ಹಂಚಲಾಯಿತು. ನಾವು ಸೇರಿದ ಏಷ್ಯಾ-ಪೆಸಿಫಿಕ್ ವಲಯದ ಸಾಮಾನ್ಯ ದಾಸ್ತಾನು ಅದೇ ಏಪ್ರಿಲ್ 15ಕ್ಕೇ ಮುಗಿಯಿತು, ಎಲ್ಲ ವಲಯಗಳಿಗಿಂತ ಮೊದಲು. ಆ ಬಳಿಕ ಸಂಪರ್ಕ ಕೊಡುವ ಕಂಪೆನಿಗಳು ತಮ್ಮ ಕಡೆಯಲ್ಲೂ ಒಬ್ಬ ವಾರ್ಡನನ್ನು ಕೂರಿಸತೊಡಗಿದವು. ನೂರಾರು ಮನೆಗಳಿಗೆ ಒಂದೇ ಹೊರವಿಳಾಸ. 2012ರ ಏಪ್ರಿಲ್‌ನಲ್ಲಿ ಇದಕ್ಕೆಂದೇ 100.64ರಿಂದ 100.127ರವರೆಗಿನ ವಿಳಾಸಗಳನ್ನು ಮೀಸಲಿಡಲಾಯಿತು. ಮನೆಯ ವಾರ್ಡನ್‌ಗೆ ಎಷ್ಟು ಚೀಟಿ ಬರೆದರೂ ಈ ಎರಡನೆಯ ವಾರ್ಡನ್‌ ಅದನ್ನು ಓದುವುದಿಲ್ಲ. ಪೋರ್ಟ್ ಫಾರ್ವರ್ಡಿಂಗ್ ಕಲಿತ ಅನೇಕರಿಗೆ ವಿದ್ಯೆ ಇದ್ದೂ ಬಾಗಿಲು ತೆರೆಯದಿರುವುದು ಇದರಿಂದ.

ವಿಚಿತ್ರವೆಂದರೆ, ಈ ಕೊರತೆಯೇ ಭಾರತವನ್ನು ಮುಂದಕ್ಕೆ ನೂಕಿತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಆರಂಭವಾದಾಗ ಕೋಟಿಗಟ್ಟಲೆ ಫೋನುಗಳಿಗೆ ಕೊಡಲು ಹಳೆಯ ವಿಳಾಸಗಳು ಸಿಗುವಂತಿರಲಿಲ್ಲ, ಅದು ಐಪಿವಿ6ನ್ನು ಹಿಡಿಯಿತು. ಇಪ್ಪತ್ತು ವರ್ಷ ಮೂಲೆಯಲ್ಲಿ ಬಿದ್ದಿದ್ದ ಪರಿಹಾರವನ್ನು ಹೆಚ್ಚಾಗಿ ಬಳಸುವ ದೇಶಗಳಲ್ಲಿ ಭಾರತ ಇಂದು ಮುಂಚೂಣಿಯಲ್ಲಿದೆ. ಇನ್ನೊಂದು ಕಡೆ, 2020ರ ಮಾರ್ಚ್‌ನಲ್ಲಿ ಲಿನಕ್ಸಿನೊಳಗೆ ಸೇರಿದ ವೈರ್‌ಗಾರ್ಡ್ ಎಂಬ ಸುರಂಗ ತಂತ್ರದಿಂದ ಎಸ್‌ಎಂಬಿಯನ್ನು ಹೊರಗೆ ತೆರೆಯದೆಯೇ, ಕೀಲಿ ಇರುವವರು ಮಾತ್ರ ಮನೆಯ ಜಾಲವನ್ನು ಸೇರಬಹುದು. ಆ ಸುರಂಗಕ್ಕೂ ಒಂದು ತುದಿಯಲ್ಲಾದರೂ ಬೀದಿಗೆ ಕಾಣುವ ವಿಳಾಸ ಬೇಕು. ಎರಡೂ ತುದಿಗಳು ವಾರ್ಡನರ ಹಿಂದಿದ್ದರೆ ಪರಿಚಯ ಮಾಡಿಸಲು ಹೊರಗಿನ ಮೂರನೆಯ ಯಂತ್ರವೊಂದು ನಡುವೆ ಬರಲೇಬೇಕು.

ಭೂಷಣ್ ಅವರ ಎಫ್‌ಟಿಪಿಗೆ 2021ರಲ್ಲಿ ಐವತ್ತು ತುಂಬಿತು. ಅದೇ ವರ್ಷ ಫೈರ್‌ಫಾಕ್ಸ್ ಮತ್ತು ಕ್ರೋಮ್ ಬ್ರೌಸರುಗಳು ಅದನ್ನು ಕೈಬಿಟ್ಟವು. ಮನೆಯಲ್ಲಿ ಸರ್ವರ್ ಇಡಬೇಕೆನ್ನುವ ವಿದ್ಯಾರ್ಥಿಗಳು ಮೊದಲು ರೌಟರಿನ ಪುಟ ತೆರೆದು ಹೊರಕಡೆಯ ವಿಳಾಸವನ್ನು ನೋಡಲಿ. ಅದು 100.64ರಿಂದ 100.127ರೊಳಗಿದ್ದರೆ, ಅಥವಾ 10 ಎಂದು ಆರಂಭವಾದರೆ, ಎರಡನೆಯ ವಾರ್ಡನ್ ಇದ್ದಾನೆಂದು ತಿಳಿಯಬೇಕು. ಆಗ ಅದೇ ಪುಟದಲ್ಲಿ ಐಪಿವಿ6 ವಿಳಾಸವಿದೆಯೇ ಎಂದು ನೋಡಬೇಕು. 2 ಎಂಬ ಅಂಕಿಯಿಂದ ಆರಂಭವಾಗುವ, ಅಂಕಿ ಅಕ್ಷರಗಳು ಬೆರೆತ ಉದ್ದನೆಯ ಸಾಲೊಂದು ಅಲ್ಲಿದ್ದರೆ ಅದು ಆ ಮನೆಗೇ ಸೇರಿದ, ಬೀದಿಗೆ ಕಾಣುವ ವಿಳಾಸ.